ಗೋಬರ್ ಗ್ಯಾಸ್ ಒಲೆ ಕೈಕೊಟ್ಟರೆ: ಗುಂಡಿಗೆ ಕೈ ಹಾಕುವ ಮೊದಲು ನೋಡಬೇಕಾದ್ದು

ಒಲೆಯ ಉರಿ ಸಣ್ಣಗಾದ ಕೂಡಲೇ 'ಗುಂಡಿ ಹಾಳಾಯ್ತು, ಮೇಸ್ತ್ರಿಗೆ ಹೇಳಿ ಕಳಿಸ್ಬೇಕು' ಅನ್ನುವುದು ನಮ್ಮ ಮಲೆನಾಡಿನ ಕಡೆ ವಾಡಿಕೆ. ಮೇಸ್ತ್ರಿ ಬಂದು ಗುಂಡಿಯ ಗುಮ್ಮಟ, ಅಂದರೆ ಡೋಮ್ ಮೇಲಿನ ಮಣ್ಣು ಕೆದಕಿ, ಎರಡು ದಿನದ ಕೂಲಿ ತಗೊಂಡು ಹೋದಮೇಲೆ ಗೊತ್ತಾಗುತ್ತದೆ, ಪೈಪಿನಲ್ಲಿ ನೀರು ನಿಂತಿತ್ತು ಅಂತ. ಗುಂಡಿ ಕಟ್ಟಿದವರು ಸರಿಯಾಗಿ ಕಟ್ಟಿದ್ದರೆ ಅದು ಬಹಳ ವರ್ಷ ತಂಟೆ ಮಾಡುವುದಿಲ್ಲ. ತಂಟೆ ಮಾಡುವುದು ಅದರ ಹಿಂದೆ ಮುಂದೆ ಇರುವ ಸಾಮಾನುಗಳು: ಒಲೆ, ಪೈಪು, ವಾಲ್ವ್, ಮತ್ತೆ ದಿನಾ ಸಗಣಿ ಕದಡುವ ನಾವು.

ಹುಡುಕಬೇಕಾದ ಪ್ರಶ್ನೆ ಮೂರೇ. ಗ್ಯಾಸ್ ಹುಟ್ಟುತ್ತಿದೆಯೇ? ಹುಟ್ಟಿದ್ದು ಒಳಗೇ ಉಳಿಯುತ್ತಿದೆಯೇ? ಉಳಿದದ್ದು ಒಲೆಯ ತನಕ ಬರುತ್ತಿದೆಯೇ? ಉತ್ತರ ಹುಡುಕುವಾಗ ಮಾತ್ರ ಕೊನೆಯ ಪ್ರಶ್ನೆಯಿಂದ ಹಿಂದಕ್ಕೆ ಬನ್ನಿ. ಒಲೆ ಬಿಚ್ಚಲು ಹತ್ತು ನಿಮಿಷ ಸಾಕು, ಗುಂಡಿ ಖಾಲಿ ಮಾಡಿದರೆ ತಿಂಗಳುಗಟ್ಟಲೆ ಗ್ಯಾಸಿಲ್ಲ.

ನಿಮ್ಮದು ಯಾವ ಮಾದರಿ

ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು. ಬಾವಿಯ ಮೇಲೆ ಕಬ್ಬಿಣದ ಡ್ರಮ್ ತೇಲುವ ಖಾದಿ ಆಯೋಗದ ಹಳೇ ಮಾದರಿ ಒಂದು. 1984ರಲ್ಲಿ ಬಂದ ದೀನಬಂಧು ಮಾದರಿ ಇನ್ನೊಂದು. ಇದರಲ್ಲಿ ಇಟ್ಟಿಗೆಯ ಡೋಮ್ ನೆಲದೊಳಗೇ ಇರುತ್ತದೆ, ಅಲುಗಾಡುವ ಭಾಗ ಯಾವುದೂ ಇಲ್ಲ. ಈಗ ಕಟ್ಟುವುದು ಬಹುಪಾಲು ಇದನ್ನೇ, ಹಾಗಾಗಿ ಇಲ್ಲಿ ಹೇಳುವುದೂ ಬಹುಪಾಲು ಇದರ ಬಗ್ಗೆಯೇ. ಡ್ರಮ್ಮಿನವರಿಗೆ ಕೊನೆಯಲ್ಲಿ ನಾಲ್ಕು ಮಾತಿದೆ.

ದೀನಬಂಧುವಿನಲ್ಲಿ ಗ್ಯಾಸ್ ಎಷ್ಟಿದೆ ಅಂತ ತೋರಿಸುವ ಮೀಟರ್ ನಿಮ್ಮ ಕಣ್ಣೆದುರೇ ಇದೆ. ಅದು ಸ್ಲರಿ, ಅಂದರೆ ನೀರಲ್ಲಿ ಕದಡಿದ ಸಗಣಿ, ಹೊರಬರುವ ತೊಟ್ಟಿ. ಡೋಮಿನಲ್ಲಿ ಗ್ಯಾಸ್ ಕೂಡಿದ ಹಾಗೆ ಅದು ಸ್ಲರಿಯನ್ನು ಕೆಳಗೊತ್ತುತ್ತದೆ, ಒತ್ತಿದ ಸ್ಲರಿ ಈ ತೊಟ್ಟಿಯಲ್ಲಿ ಮೇಲೇರುತ್ತದೆ. ಒಲೆ ಉರಿಸಿದಾಗ ಮಟ್ಟ ಇಳಿಯುತ್ತದೆ. ರಾತ್ರಿ ಅಡುಗೆ ಮುಗಿದ ಮೇಲೆ ಡೋಮ್ ಮೇಲಿನ ಮೇನ್ ವಾಲ್ವ್ ಬಂದ್ ಮಾಡಿ, ತೊಟ್ಟಿಯ ಗೋಡೆಗೆ ಇದ್ದಲಿನಲ್ಲಿ ಒಂದು ಗೆರೆ ಎಳೆಯಿರಿ. ಬೆಳಿಗ್ಗೆ ಸಗಣಿ ಹಾಕುವ ಮೊದಲು ನೋಡಿ. ಮಟ್ಟ ಗೆರೆಯಿಂದ ಚೆನ್ನಾಗಿ ಮೇಲೇರಿದ್ದರೆ ಗುಂಡಿಯಲ್ಲಿ ದೋಷವಿಲ್ಲ, ನಿಮ್ಮ ಕಳ್ಳ ಪೈಪಿನಲ್ಲೋ ಒಲೆಯಲ್ಲೋ ಇದ್ದಾನೆ. ಏರಿಲ್ಲ ಅಂದರೆ ಗ್ಯಾಸ್ ಹುಟ್ಟುತ್ತಿಲ್ಲ, ಇಲ್ಲವೇ ಹುಟ್ಟಿದ್ದು ಡೋಮಿನಿಂದಲೇ ಸೋರುತ್ತಿದೆ.

ಸಗಣಿ ಹಾಕುವ ತೊಟ್ಟಿಯಲ್ಲಿ ಗುಳುಗುಳು ಗುಳ್ಳೆ ಬರುತ್ತಿದೆ ಅಂತ ಕೆಲವರು ಗಾಬರಿಯಾಗುತ್ತಾರೆ. ಹೊರ ತೊಟ್ಟಿ ತುಂಬಿದ್ದು ಗುಳ್ಳೆ ಬರುತ್ತಿದ್ದರೆ ಅದು ದೋಷವಲ್ಲ. ಡೋಮ್ ಭರ್ತಿಯಾಗಿ ಹೆಚ್ಚಾದ ಗ್ಯಾಸ್ ದಾರಿ ಮಾಡಿಕೊಂಡು ಹೋಗುತ್ತಿದೆ, ಅಷ್ಟೆ. ಇನ್ನೊಂದು ಪಾತ್ರೆ ಬಿಸಿನೀರು ಕಾಯಿಸಿಕೊಳ್ಳಿ.

ಲೆವೆಲ್ ಪೈಪಿನ ಮೀಟರ್

ಒತ್ತಡ ಅಳೆಯುವ ಸಾಧನ ಅಂಗಡಿಯಿಂದ ತರಬೇಕಾಗಿಲ್ಲ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ಮೂರು ಮೀಟರ್ ತನ್ನಿ. ಅದನ್ನು ಇಂಗ್ಲಿಷಿನ 'ಯು' ಆಕಾರಕ್ಕೆ ಬಗ್ಗಿಸಿ, ಎರಡೂ ಕಾಲು ಸಮ ಬರುವ ಹಾಗೆ ಉದ್ದದ ಹಲಗೆಗೆ ಕಟ್ಟಿ. ಅರ್ಧದಷ್ಟು ನೀರು ಹೊಯ್ದು, ಕಾಣಲಿ ಅಂತ ಚಿಟಿಕೆ ಕುಂಕುಮ ಕದಡಿ. ಒಂದು ತುದಿ ಬಯಲಿಗೆ ತೆರೆದಿರಲಿ, ಇನ್ನೊಂದನ್ನು ಒಲೆಯ ಹತ್ತಿರ ಒಂದು ಟೀ (ಮೂರು ಬಾಯಿಯ ಪೈಪಿನ ಜೋಡು) ಹಾಕಿ ಗ್ಯಾಸ್ ಪೈಪಿಗೆ ಸೇರಿಸಿ. ವಾಲ್ವ್ ನಿಧಾನಕ್ಕೆ ತೆರೆಯಿರಿ, ಇಲ್ಲದಿದ್ದರೆ ಕುಂಕುಮದ ನೀರು ಮುಖಕ್ಕೇ ಹಾರುತ್ತದೆ. ಎರಡು ಕಾಲುಗಳ ನೀರಿನ ಮಟ್ಟದ ವ್ಯತ್ಯಾಸವೇ ನಿಮ್ಮ ಒತ್ತಡ. ಡ್ರಮ್ ಮಾದರಿಯಲ್ಲಿ ಇದು ಸುಮಾರು 10 ಸೆಂ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ. ದೀನಬಂಧುವಿನಲ್ಲಿ ಹಾಗಲ್ಲ, ಡೋಮ್ ತುಂಬಿದಾಗ 80–90 ಸೆಂ.ಮೀ. ತನಕ ಹೋಗಬಹುದು, ಉರಿಸುತ್ತಾ ಹೋದ ಹಾಗೆ ಇಳಿಯುತ್ತದೆ. ಬೆಳಿಗ್ಗೆ ಉರಿ ಜೋರು, ಹತ್ತು ಗಂಟೆಗೆ ಸಪ್ಪೆ ಎನ್ನುವುದು ಈ ಮಾದರಿಯ ಗುಣ, ರೋಗವಲ್ಲ.

ಈಗ ಓದಿ ನೋಡಿ:

ಒಲೆ ಬಂದ್ ಇದ್ದಾಗ ಒತ್ತಡ ಚೆನ್ನಾಗಿದೆ, ಒಲೆ ತೆರೆದ ಕೂಡಲೇ ಧಸಕ್ಕನೆ ಬೀಳುತ್ತದೆ ಅಂದರೆ ಪೈಪಿನಲ್ಲಿ ಅಡಚಣೆ.

ಒಲೆ ತೆರೆದಾಗ ನೀರಿನ ಮಟ್ಟ ಒಂದೇ ಕಡೆ ನಿಲ್ಲದೆ ಏರಿಳಿಯುತ್ತದೆ ಅಂದರೆ ಪೈಪಿನಲ್ಲಿ ನೀರು.

ಮೇನ್ ವಾಲ್ವ್ ಬಂದ್, ಒಲೆಯೂ ಬಂದ್. ಆದರೂ ಮಟ್ಟ ಇಳಿಯುತ್ತಾ ಬಂದರೆ ಪೈಪಿನಲ್ಲಿ ಎಲ್ಲೋ ಸೋರಿಕೆ.

ಒಲೆ ತೆರೆದಾಗಲೂ ಒತ್ತಡ ಸಾಕಷ್ಟಿದೆ, ಉರಿ ಮಾತ್ರ ಸರಿಯಿಲ್ಲ ಅಂದರೆ ಒಲೆಯನ್ನೇ ಬಿಚ್ಚಿ.

ಹೊರ ತೊಟ್ಟಿ ತುಂಬಿದೆ, ಮೀಟರ್ ಮಾತ್ರ ಅಲುಗುವುದೇ ಇಲ್ಲ. ಆಗ ಮೇನ್ ವಾಲ್ವ್ ಪೂರ್ತಿ ಕಟ್ಟಿದೆ, ಅಥವಾ ಗ್ಯಾಸ್ ಪೈಪಿನೊಳಗೆ ಸ್ಲರಿ ಹೊಕ್ಕಿದೆ.

ಈ ಕೊನೆಯದು ಆಗುವುದು ಹೀಗೆ: ಹೊರ ತೊಟ್ಟಿಯಿಂದ ಸ್ಲರಿ ಹರಿದುಹೋಗುವ ಕಿಂಡಿ ಒಣಗಿದ ಸಗಣಿಯಿಂದ ಕಟ್ಟಿಕೊಳ್ಳುತ್ತದೆ. ನಾವು ದಿನಾ ಹಾಕುತ್ತಲೇ ಇರುತ್ತೇವೆ. ಒಳಗಿನ ಮಟ್ಟ ಏರಿ ಏರಿ ಡೋಮಿನ ನೆತ್ತಿಗೆ ತಲುಪಿ ಗ್ಯಾಸ್ ಪೈಪಿಗೇ ನುಗ್ಗುತ್ತದೆ. ಕಿಂಡಿ ಬಿಡಿಸಿ, ತೊಟ್ಟಿಯಿಂದ ಬಕೆಟಿನಲ್ಲಿ ಸ್ಲರಿ ಎತ್ತಿ ಮಟ್ಟ ಇಳಿಸಿ. ಆಮೇಲೆ ಯೂನಿಯನ್ (ಬಿಚ್ಚಿ ಹಾಕಬಹುದಾದ ಪೈಪಿನ ಜೋಡು) ಬಿಚ್ಚಿ ಪೈಪು ತೊಳೆಯಿರಿ. ಮಟ್ಟ ಇಳಿಸದೆ ಪೈಪು ತೊಳೆದರೆ ಸಂಜೆಯೊಳಗೆ ಮತ್ತೆ ಅದೇ ಕಥೆ.

ಪೈಪಿನ ನೀರು

ಪಕ್ಕದೂರಿನಲ್ಲಿರುವ ಅಣ್ಣನ ಮಗ ಮಳೆಗಾಲದಲ್ಲಿ ಫೋನ್ ಮಾಡಿದ್ದ. "ಚಿಕ್ಕಪ್ಪ, ಗ್ಯಾಸ್ ಬರ್ತದೆ, ಉರಿ ಮಾತ್ರ ಕುಣೀತದೆ." "ಕುಣೀತದೆ ಅಂದ್ಯಲ್ಲ, ಉತ್ತರ ಅದೇ ಮಾರಾಯ. ನೀರು ತೆಗೆ."

ಗುಂಡಿಯಿಂದ ಹೊರಡುವ ಗ್ಯಾಸಿನಲ್ಲಿ ನೀರಾವಿ ತುಂಬಿರುತ್ತದೆ. ತಣ್ಣಗಿನ ಪೈಪಿಗೆ ಬಂದಾಗ ಅದು ನೀರಾಗಿ ಇಳಿಜಾರಿನ ಕಡೆ ಸೇರುತ್ತದೆ. ಅದಕ್ಕೇ ಪೈಪನ್ನು ನೂರು ಅಡಿಗೆ ಒಂದಡಿ ಇಳಿಜಾರು ಕೊಟ್ಟು ಎಳೆದು, ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ನೀರು ತೆಗೆಯುವ ನಲ್ಲಿ ಇಟ್ಟಿರುತ್ತಾರೆ. ಇಟ್ಟಿರುತ್ತಾರೆ, ನಾವು ತಿರುಗಿಸುವುದಿಲ್ಲ. ಅದು ಎಲ್ಲಿದೆ ಅಂತಲೇ ಮನೆಯ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ವಾರಕ್ಕೊಮ್ಮೆ, ಮಳೆಗಾಲ ಚಳಿಗಾಲದಲ್ಲಿ ಎರಡು ಸಲ, ಅದನ್ನು ತೆರೆದು ನೀರು ನಿಂತು ಗ್ಯಾಸ್ ಬುಸ್ ಅನ್ನುವ ತನಕ ಬಿಡಿ, ತಕ್ಷಣ ಮುಚ್ಚಿ. ಆಗ ಹತ್ತಿರದಲ್ಲಿ ಬೀಡಿ, ದೀಪ, ಒಲೆ ಯಾವುದೂ ಉರಿಯುತ್ತಿರಬಾರದು.

ನಲ್ಲಿಯಿಂದ ನೀರು ಬಂದರೂ ಉರಿ ಕುಣಿಯುತ್ತಿದ್ದರೆ ಪೈಪಿನ ದಾರಿ ಹಿಡಿದು ನಡೆಯಿರಿ. ಬಿಸಿಲಿಗೆ ಜೋತುಬಿದ್ದ ಕಪ್ಪು ಪೈಪು, ಆಸರೆಗೆ ಕೊಟ್ಟ ಗೂಟ ಗೆದ್ದಲು ತಿಂದು ಕುಸಿದ ಜಾಗ, ದನ ತುಳಿದ ಜಾಗ, ಇಂಥ ಕಡೆ ಹೊಟ್ಟೆ ಬಿಟ್ಟ ಪೈಪಿನಲ್ಲಿ ನೀರು ನಿಂತಿರುತ್ತದೆ. ಪೈಪು ಎತ್ತಿ ಕಟ್ಟಿದರೆ ಮುಗಿಯಿತು. ಎತ್ತಲು ಆಗದ ಜಾಗವಾದರೆ ಅಲ್ಲೊಂದು ಟೀ ಹಾಕಿ ಇನ್ನೊಂದು ನಲ್ಲಿ ಕೂರಿಸಿ.

ಒಲೆ

ಒಳ್ಳೆಯ ಉರಿ ನೀಲಿ, ಗಿಡ್ಡ, ಬರ್ನರಿನ ತೂತಿಗೆ ಅಂಟಿಕೊಂಡಿರುತ್ತದೆ. ಹಳದಿಯಾಗಿ ಉದ್ದಕ್ಕೆ ಆಡುತ್ತಾ ಪಾತ್ರೆಗೆ ಮಸಿ ಹಿಡಿಸಿದರೆ ಗಾಳಿ ಸಾಲದು, ಗಾಳಿಯ ತೂತು ಮುಚ್ಚಿರುವ ಬಳೆ ತಿರುಗಿಸಿ ಸ್ವಲ್ಪ ತೆರೆಯಿರಿ. ಉರಿ ಬರ್ನರಿನಿಂದ ಮೇಲೆದ್ದು ಆರಿ ಆರಿ ಹೋದರೆ ಗಾಳಿ ಹೆಚ್ಚು, ಅಥವಾ ಒತ್ತಡ ಹೆಚ್ಚು. ಗಾಳಿ ಕಡಿಮೆ ಮಾಡಿ, ವಾಲ್ವ್ ಅರ್ಧಕ್ಕೆ ತನ್ನಿ. ಒಂದು ಕಡೆ ಉರಿದು ಇನ್ನೊಂದು ಕಡೆ ಇಲ್ಲದಿದ್ದರೆ ಬರ್ನರಿನ ತೂತಿನಲ್ಲಿ ಉಕ್ಕಿದ ಹಾಲು, ಗಂಜಿ ಕೂತಿರುತ್ತದೆ.

ಒಲೆಯೊಳಗೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ತುದಿ, ಅಂದರೆ ಜೆಟ್, ಕಟ್ಟಿದ್ದರೆ ಸಣ್ಣ ತಂತಿಯಲ್ಲಿ ಚುಚ್ಚಿ ಬಿಡಿಸಿ. ಸೂಜಿ ತಿರುವಿ ತಿರುವಿ ತೂತು ದೊಡ್ಡ ಮಾಡಬೇಡಿ, ಗ್ಯಾಸ್ ಸುಮ್ಮನೆ ಖರ್ಚಾಗುತ್ತದೆ, ಶಾಖ ಹೆಚ್ಚುವುದಿಲ್ಲ. ಸಿಲಿಂಡರ್ ಗ್ಯಾಸಿನ ಒಲೆಯನ್ನು ಹಾಗೇ ಇದಕ್ಕೆ ಜೋಡಿಸಿದವರೂ ಇದ್ದಾರೆ. ಅದರ ಜೆಟ್ಟಿನ ತೂತು ತೀರಾ ಸಣ್ಣದು. ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಇರುವುದು ನೂರಕ್ಕೆ 55–65 ಭಾಗ, ಉಳಿದದ್ದರಲ್ಲಿ ಹೆಚ್ಚಿನದು ಇಂಗಾಲದ ಡೈಆಕ್ಸೈಡ್. ಒಂದು ಘನ ಮೀಟರ್ ಸುಟ್ಟರೂ ಅರ್ಧ ಕಿಲೋ ಸಿಲಿಂಡರ್ ಗ್ಯಾಸಿನ ಶಾಖ ಬರುವುದಿಲ್ಲ. ಹಾಗಾಗಿ ಇದಕ್ಕೆ ಇದರದೇ ಒಲೆ ಬೇಕು.

ರಬ್ಬರ್ ಪೈಪನ್ನು ಮರೆಯಬೇಡಿ. ಗ್ಯಾಸಿನಲ್ಲಿರುವ ಚೂರು ಗಂಧಕದ ಅಂಶ ಹಿತ್ತಾಳೆ, ತಾಮ್ರವನ್ನು ಕಪ್ಪು ಮಾಡುತ್ತದೆ. ರಬ್ಬರ್ ಶಾಖಕ್ಕೆ ಬಿರಿಯುತ್ತದೆ. ಬಾಗಿಸಿ ನೋಡಿ, ಸಣ್ಣ ಗೀರು ಕಂಡರೂ ಬದಲಿಸಿ. ಇಲ್ಲಿ ಉಳಿಸುವ ನೂರಿನ್ನೂರು ರೂಪಾಯಿಗೆ ಅರ್ಥವಿಲ್ಲ.

ಸೋರಿಕೆ

ಸೋರಿಕೆ ನೋಡಲು ಸೋಪಿನ ನೊರೆ, ಒಂದು ಹಳೇ ಬ್ರಷ್. ಬೆಂಕಿಕಡ್ಡಿ ಗೀರಿ ನೋಡುವ ಶೂರರು ಎಲ್ಲಾ ಊರಲ್ಲೂ ಇದ್ದಾರೆ, ನೀವು ಆ ಸಾಲಿಗೆ ಸೇರಬೇಡಿ.

ಮೊದಲು ಡೋಮಿನ ನೆತ್ತಿಯಲ್ಲಿ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ಕಾಂಕ್ರೀಟಿನಿಂದ ಹೊರಬರುವ ಕೊರಳು. ಪೈಪಿಗೆ ಸೀರೆ ಒಣಹಾಕುವ ಹಗ್ಗ ಕಟ್ಟಿಯೋ, ಕರು ಕಟ್ಟಿಯೋ ಅಲುಗಾಡಿಸಿದರೆ ಬಿರುಕು ಬಿಡುವ ಜಾಗ ಅದೇ. ಆಮೇಲೆ ಮೇನ್ ವಾಲ್ವಿನ ಹಿಡಿಯ ಬುಡ, ಆಮೇಲೆ ಪ್ರತಿಯೊಂದು ಜೋಡು. ನೊರೆಯಲ್ಲಿ ಗುಳ್ಳೆ ಉಬ್ಬಿದರೆ ಅಲ್ಲೇ. ಡೋಮಿನ ಮೇಲೆ ಮಣ್ಣಿರುವುದರಿಂದ ಅದರ ಬಿರುಕು ಹೀಗೆ ಕಾಣುವುದಿಲ್ಲ. ಡೋಮಿನಲ್ಲಿ ಗ್ಯಾಸ್ ಇರುವ ಹೊತ್ತಿಗೆ ಮಣ್ಣಿನ ಮೇಲೆ ನೀರು ಹೊಯ್ದು ನೆನೆಸಿ, ಸಾವಕಾಶ ಕೂತು ನೋಡಿ. ಒಂದೇ ಜಾಗದಿಂದ ಗುಳ್ಳೆ ಏಳುತ್ತಿದ್ದರೆ ಅಷ್ಟು ಮಣ್ಣು ಸರಿಸಿ ಗುರುತು ಹಾಕಿ. ಆ ಕೆಲಸಕ್ಕೆ ಮೇಸ್ತ್ರಿ ಬೇಕು, ಅದೂ ದೀನಬಂಧು ಕಟ್ಟಿ ಅನುಭವ ಇರುವ ಮೇಸ್ತ್ರಿ. ಹತ್ತಿರದಲ್ಲಿ ಬಾಳೆ, ತೆಂಗು ಬೆಳೆದಿದ್ದರೆ ಬೇರು ಎಲ್ಲಿ ಹೋಗಿದೆ ಅಂತಲೂ ನೋಡಿಸಿ.

ಗುಂಡಿಯ ಗೋಡೆಯೇ ಸೋರುತ್ತಿದ್ದರೆ ಸೂಚನೆ ಬೇರೆ. ದಿನಾ ಹಾಕಿದಷ್ಟು ಸ್ಲರಿ ಹೆಚ್ಚುಕಡಿಮೆ ಅಷ್ಟೇ ಹೊರಬರಬೇಕು. ವಾರಗಟ್ಟಲೆ ಹಾಕುತ್ತಿದ್ದೀರಿ, ಕಿಂಡಿಯೂ ಕಟ್ಟಿಲ್ಲ, ಆದರೂ ಹನಿ ಸ್ಲರಿ ಹೊರಬಂದಿಲ್ಲ ಅಂದರೆ ಅದು ನೆಲಕ್ಕಿಳಿಯುತ್ತಿದೆ. ಬಾವಿ ಹತ್ತಿರವಿದ್ದರೆ ತಡಮಾಡಬೇಡಿ.

ಗ್ಯಾಸೇ ಹುಟ್ಟದಿದ್ದರೆ

ಇಲ್ಲಿ ಮೊದಲು ಕೊಟ್ಟಿಗೆಗೆ ಹೋಗಿ ದನ ಎಣಿಸಿ. ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಎರಡು ಘನ ಮೀಟರಿನ ಗುಂಡಿಗೆ, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವ ಗುಂಡಿಗೆ, 50 ಕಿಲೋ. ಗಂಟೆಗೆ 0.45 ಘನ ಮೀಟರ್ ಸುಡುವ ಒಲೆ ಅದರಿಂದ ನಾಲ್ಕು ಗಂಟೆ ಚಿಲ್ಲರೆ ಉರಿದೀತು. ಗುಂಡಿ ಕಟ್ಟಿಸಿದಾಗ ಮನೆಯಲ್ಲಿ ಎಂಟು ದನ ಇದ್ದವು, ಈಗ ಎರಡಿವೆ. ಅದರಲ್ಲೂ ಮಲೆನಾಡು ಗಿಡ್ಡ ಎಂಬ ಸಣ್ಣ ತಳಿಯ ದನವಾದರೆ ಹಾಕುವುದೇ ಕಡಿಮೆ, ಹಗಲಿಡೀ ಬೆಟ್ಟದಲ್ಲಿ ಮೇಯುವುದರಿಂದ ಅರ್ಧ ಅಲ್ಲೇ ಉಳಿಯುತ್ತದೆ. ಇಂಥ ಕಡೆ ಯಾವ ರಿಪೇರಿಯೂ ಉಪಯೋಗಕ್ಕಿಲ್ಲ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಊರಿಗೆಲ್ಲ ಒಂದೇ ಸ್ಥಾವರ ಕಟ್ಟಿದಾಗಲೂ ಎಲ್ಲಾ ಮನೆಗಳ ಅಡುಗೆಗೆ ಸಗಣಿ ಸಾಲಲಿಲ್ಲ. ಆಮೇಲೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ 1987ರಿಂದ ದೀಪ, ನಂತರ ಕುಡಿಯುವ ನೀರು ಕೊಟ್ಟರು. ಇರುವ ಸಗಣಿಗೆ ತಕ್ಕ ಕೆಲಸ ಅಷ್ಟೇ. ನಿಮ್ಮ ಮನೆಯಲ್ಲೂ ಬೆಳಗಿನ ತಿಂಡಿ, ಚಹಾ ಇದರಲ್ಲಿ, ಉಳಿದದ್ದು ಸಿಲಿಂಡರಿನಲ್ಲಿ ಅಂತ ಲೆಕ್ಕ ಹಾಕಿಕೊಳ್ಳಬಹುದು.

ಸಗಣಿ ಸಾಕಷ್ಟಿದ್ದೂ ಗ್ಯಾಸ್ ಇಲ್ಲವೇ? ಹದ ನೋಡಿ. ಹಸಿ ಸಗಣಿ ಒಂದು ಬುಟ್ಟಿಗೆ ನೀರು ಒಂದು ಬುಟ್ಟಿ, ಕದಡಿದಾಗ ದೋಸೆ ಹಿಟ್ಟಿನ ಹದಕ್ಕೆ ಬರಬೇಕು. ಜರ್ಸಿ, ಎಚ್ಚೆಫ್ ದನದ ಸಗಣಿ ತೆಳ್ಳಗಿದ್ದರೆ ನೀರು ಕಡಿಮೆ. ಈಗ ಕೊಟ್ಟಿಗೆಯನ್ನು ಪೈಪು ಹಿಡಿದು ತೊಳೆದು ಆ ನೀರನ್ನೆಲ್ಲ ಗುಂಡಿಗೇ ಬಿಡುವ ಅಭ್ಯಾಸ ಬಂದಿದೆ. ನೀರು ಹೆಚ್ಚಾದರೆ ಸಗಣಿ 40 ದಿನ ಒಳಗಿದ್ದು ಕೊಳೆಯಬೇಕಾದದ್ದು ಅರ್ಧಂಬರ್ಧ ಕೊಳೆತು ಹೊರಬೀಳುತ್ತದೆ, ಭಾರದ್ದು ತಳ ಸೇರುತ್ತದೆ. ತೊಳೆದ ನೀರನ್ನು ನೇರ ತೋಟಕ್ಕೆ ಬಿಡಿ. ಮಳೆಗಾಲದಲ್ಲಿ ಮಾಡಿನ ನೀರು ಕದಡುವ ತೊಟ್ಟಿಗೆ ಬೀಳದಂತೆ ಒಂದು ತಗಡು ಮುಚ್ಚಿ.

ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾಗುವುದು ಸಹಜ. ಗುಂಡಿಯೊಳಗಿನ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇಷ್ಟ, 20ಕ್ಕಿಂತ ಕೆಳಗೆ ಹೋದರೆ ಮಂಕಾಗುತ್ತವೆ. ಸಗಣಿಯನ್ನು ಬೆಳಿಗ್ಗೆ ಕದಡಿಟ್ಟು ಬಿಸಿಲೇರಿದ ಮೇಲೆ ಒಳಗೆ ಬಿಡಿ, ಉಗುರುಬೆಚ್ಚಗಿನ ನೀರು ಬಳಸಿ, ಡೋಮ್ ಮೇಲೆ ಒಣಹುಲ್ಲು ದಪ್ಪಗೆ ಹರಡಿ. ಪೂರ್ತಿ ಸರಿಹೋಗುವುದಿಲ್ಲ, ಹೋದಷ್ಟು ಲಾಭ.

ಇನ್ನು ವಿಷದ ಸಂಗತಿ. ಅಡಿಕೆ ಬೆಳೆಗಾರರು ಇದನ್ನು ಗಮನವಿಟ್ಟು ಓದಬೇಕು. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ಔಷಧಿ ಹೊಡೆದಾದ ಮೇಲೆ ಬ್ಯಾರಲ್ಲು, ಬಕೆಟ್ಟು, ಪಂಪು ತೊಳೆಯಲು ನೀರಿನ ನಲ್ಲಿ ಇರುವುದು ಎಲ್ಲಿ? ಕೊಟ್ಟಿಗೆಯ ಹತ್ತಿರ, ಸಗಣಿ ಕದಡುವ ತೊಟ್ಟಿಯ ಪಕ್ಕ. ತೊಳೆದ ನೀಲಿ ನೀರು ಒಳಗೆ ಹೋಯಿತೋ, ತಾಮ್ರ ಆ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಜೂನ್–ಜುಲೈನಲ್ಲಿ ಚೆನ್ನಾಗಿದ್ದ ಗ್ಯಾಸ್ ಇದ್ದಕ್ಕಿದ್ದಂತೆ ನಿಂತಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು 'ಔಷಧಿ ಹೊಡೆದು ಎಷ್ಟು ದಿನ ಆಯ್ತು?' ಅಂತ. ಫಿನಾಯಿಲ್, ಬ್ಲೀಚಿಂಗ್ ಪೌಡರ್, ಬಟ್ಟೆ ಸೋಪಿನ ನೀರು ಇವೂ ಇದೇ ಜಾತಿ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದ ಹಸುವಿನ ಸಗಣಿಯನ್ನೂ ಒಂದು ವಾರ ಗೊಬ್ಬರ ಗುಂಡಿಗೆ ಹಾಕಿ, ಇದಕ್ಕೆ ಬೇಡ.

ಹುಳಿಯಾದ ಗುಂಡಿ ಬೇರೆ ರೋಗ. ಮದುವೆ ಮನೆಯ ಉಳಿದ ಅನ್ನ, ಹಲಸಿನ ಹಣ್ಣಿನ ರಾಶಿ ಒಂದೇ ಸಲ ಸುರಿದರೆ ಆಮ್ಲ ಹೆಚ್ಚಾಗಿ ಮೀಥೇನ್ ನಿಲ್ಲುತ್ತದೆ. ಗ್ಯಾಸ್ ಬರುತ್ತದೆ, ಹತ್ತುವುದಿಲ್ಲ. ಹೊರ ತೊಟ್ಟಿಯ ಸ್ಲರಿಗೆ ಹುಳಿ ವಾಸನೆ. ಔಷಧಿ ಅಂಗಡಿಯಲ್ಲೋ ಶಾಲೆಯ ಪ್ರಯೋಗಾಲಯದಲ್ಲೋ ಸಿಗುವ ಪಿ.ಎಚ್. ಕಾಗದ ಅದ್ದಿದರೆ 7ರ ಆಸುಪಾಸು ಇರಬೇಕಾದದ್ದು 6.5ಕ್ಕಿಂತ ಕೆಳಗೆ ತೋರಿಸುತ್ತದೆ. ಮದ್ದು ತಾಳ್ಮೆಯೇ. ವಾರ ಏನೂ ಹಾಕಬೇಡಿ. ಚೆನ್ನಾಗಿ ನಡೆಯುತ್ತಿರುವ ಪಕ್ಕದ ಮನೆಯ ಗುಂಡಿಯಿಂದ ಕೆಲವು ಬಕೆಟ್ ಸ್ಲರಿ ತಂದು ಬಿಡಿ. ಸುಣ್ಣದ ತಿಳಿನೀರು ಸ್ವಲ್ಪ ಸ್ವಲ್ಪವೇ ಹಾಕಬಹುದು, ಒಮ್ಮೆಗೇ ಸುಣ್ಣ ಸುರಿದರೆ ಹೊಸ ತೊಂದರೆ. ಉರಿ ಹತ್ತಲು ಶುರುವಾದ ಮೇಲೆ ಅರ್ಧ ಪ್ರಮಾಣದಲ್ಲಿ ಸಗಣಿ ಹಾಕುತ್ತಾ ಬನ್ನಿ.

ಹೆಪ್ಪು, ಹೂಳು, ಮತ್ತು ಒಳಗೆ ಇಳಿಯುವ ಮಾತು

ಕೊಟ್ಟಿಗೆಗೆ ಸೊಪ್ಪು, ದರಕು ಹಾಸುವ ಮನೆಗಳಲ್ಲಿ ಸಗಣಿಯ ಜತೆ ಅದೂ ಹೋಗುತ್ತದೆ. ಹುಲ್ಲುಕಡ್ಡಿ ಒಳಗೆ ತೇಲಿ, ಒಣಗಿ, ದಪ್ಪ ಹೆಪ್ಪಾಗಿ ನಿಲ್ಲುತ್ತದೆ. ಮಣ್ಣಿನ ನೆಲದ ಕೊಟ್ಟಿಗೆಯಾದರೆ ಮರಳು, ಮಣ್ಣು ತಳದಲ್ಲಿ ಕೂತು ಗುಂಡಿಯ ಜಾಗವನ್ನೇ ತಿನ್ನುತ್ತದೆ. ಕದಡುವಾಗ ಕಡ್ಡಿ ಆರಿಸಿ, ಕಲ್ಲುಮಣ್ಣು ತಳಕ್ಕೆ ಕೂರಲು ಬಿಟ್ಟು ಆಮೇಲೆ ಬೂಚು ಎತ್ತಿ. ಒಳಕ್ಕೆ ಹೋಗುವ ಪೈಪು ಕಟ್ಟಿದ್ದರೆ ಉದ್ದದ ಬಿದಿರಿನಿಂದ ತಳ್ಳಿ, ಹೊರ ತೊಟ್ಟಿಯ ಕಡೆಯಿಂದಲೂ ಬಿದಿರು ಆಡಿಸಿ ಕಲಕಿ.

ಇಷ್ಟಕ್ಕೂ ಬಗ್ಗದಿದ್ದರೆ ಖಾಲಿ ಮಾಡಿಸಬೇಕು. ಆಗ ಒಂದು ವಿಷಯದಲ್ಲಿ ರಾಜಿಯೇ ಇಲ್ಲ: ಮನೆಯವರು ಯಾರೂ ಒಳಗೆ ಇಳಿಯಕೂಡದು. ಸ್ಲರಿ ಎತ್ತಿಯಾಗಿದೆ, ವಾಸನೆಯೂ ಇಲ್ಲ ಅನ್ನುವುದು ಭರವಸೆಯಲ್ಲ. ಕೊಳೆತ ಮೊಟ್ಟೆಯ ವಾಸನೆಯ ಆ ಗಂಧಕದ ಗ್ಯಾಸ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ಗೊತ್ತಾಗುವುದಿಲ್ಲ. ತಳದ ಹೂಳು ಕಲಕಿದ ಕ್ಷಣ ಅದು ಮತ್ತೆ ಏಳುತ್ತದೆ. ಒಬ್ಬರು ಬಿದ್ದರು ಅಂತ ಎತ್ತಲು ಇಳಿದ ಎರಡನೆಯವರೂ ಮೂರನೆಯವರೂ ಹೋಗುವುದು ಇಂಥ ಗುಂಡಿಗಳಲ್ಲೇ. ಸ್ಲರಿಯನ್ನು ಹೊರಗಿನಿಂದಲೇ ಪಂಪಿನಲ್ಲಿ ಎತ್ತಿಸಿ, ದಿನಗಟ್ಟಲೆ ತೆರೆದಿಡಿ. ಒಳಗಿನ ಕೆಲಸ ಇರಲೇಬೇಕೆಂದಾದರೆ ಗಾಳಿ ಊದುವ ಯಂತ್ರ, ಸೊಂಟಕ್ಕೆ ಕಟ್ಟುವ ಹಗ್ಗ, ಗ್ಯಾಸ್ ಅಳೆಯುವ ಉಪಕರಣ ಇರುವ ತರಬೇತಿ ಪಡೆದವರನ್ನೇ ಕರೆಸಿ. ತೆರೆದ ತೊಟ್ಟಿಗಳ ಮೇಲೆ ಚಪ್ಪಡಿ ಯಾವತ್ತೂ ಇರಲಿ, ಮಕ್ಕಳು ಓಡಾಡುವ ಅಂಗಳ ಅದು.

ಡ್ರಮ್ಮಿನವರಿಗೆ

ಡ್ರಮ್ ಏರಿದೆ, ಒಲೆಗೆ ಗ್ಯಾಸ್ ಇಲ್ಲ: ಪೈಪು ನೋಡಿ. ಡ್ರಮ್ ಏರುವುದೇ ಇಲ್ಲ: ಸ್ಲರಿ ಮುಟ್ಟುವ ಗೆರೆಯ ಹತ್ತಿರ ತುಕ್ಕು ಹಿಡಿದು ತೂತಾಗಿದೆಯೇ ಅಂತ ಸೋಪಿನ ನೊರೆ ಬಳಿಯಿರಿ. ಒಂದು ಕಡೆ ವಾಲಿ ಸಿಕ್ಕಿಕೊಂಡಿದ್ದರೆ ನಡುವಿನ ಕಂಬದ ಸುತ್ತ ಮೆಲ್ಲಗೆ ತಿರುಗಿಸಿ. ದಿನಾ ಹೀಗೆ ಒಂದು ಸುತ್ತು ತಿರುಗಿಸಿದರೆ ಹೆಪ್ಪೂ ಒಡೆಯುತ್ತದೆ. ಉರಿ ಸಪ್ಪೆ ಅಂತ ಡ್ರಮ್ಮಿನ ಮೇಲೆ ಕಲ್ಲು ಹೇರುವವರು ಸಮವಾಗಿ ಹೇರಿ. ವರ್ಷಕ್ಕೊಮ್ಮೆ ತುಕ್ಕು ಉಜ್ಜಿ ಬಣ್ಣ ಬಳಿಯದಿದ್ದರೆ ಡ್ರಮ್ಮಿನ ಆಯಸ್ಸು ಅಷ್ಟಕ್ಕಷ್ಟೆ.

ಖಾಲಿ ಮಾಡಿ ಮತ್ತೆ ಶುರುಮಾಡುವಾಗ

ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋದಂತೆ 40 ದಿನದ ಸಗಣಿ, ಅಂದರೆ ಸುಮಾರು ಎರಡು ಟನ್, ಅಷ್ಟೇ ನೀರಿನ ಜತೆ ಬೇಕು. ಅಕ್ಕಪಕ್ಕದ ಮನೆಗಳಲ್ಲಿ ಮೊದಲೇ ಹೇಳಿಟ್ಟು ಆದಷ್ಟು ಬೇಗ ತುಂಬಿಸಿ. ನಡೆಯುತ್ತಿರುವ ಗುಂಡಿಯ ಸ್ಲರಿ ಬೆರೆಸಿದರೆ ಬೇಗ ಹತ್ತುತ್ತದೆ. ತುಂಬಿದ ಮೇಲೆ ಗ್ಯಾಸ್ ಬರುವ ತನಕ ದಿನದ ಸಗಣಿ ಹಾಕಬೇಡಿ. ಮೊದಲು ಬರುವ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು, ಡೋಮಿನಲ್ಲಿದ್ದ ಗಾಳಿಯೂ ಅದರ ಜತೆ ಇರುತ್ತದೆ, ಅದಕ್ಕೆ ಕಡ್ಡಿ ಗೀರಬೇಡಿ. ಬೆಂಕಿ ಇಲ್ಲದ ಬಯಲಿನಲ್ಲಿ ವಾಲ್ವ್ ತೆರೆದು ಪೂರ್ತಿ ಹೊರಗೆ ಬಿಡಿ, ಮತ್ತೆ ತುಂಬಲಿ, ಮತ್ತೊಮ್ಮೆ ಬಿಡಿ. ಆಮೇಲೆ ಅಡುಗೆಮನೆಯ ಕಿಟಕಿ ತೆರೆದಿಟ್ಟು ಒಲೆಯಲ್ಲಿ ಹತ್ತಿಸಿ ನೋಡಿ, ಡೋಮಿನ ಪೈಪಿನ ಬಾಯಲ್ಲಿ ಮಾತ್ರ ಬೇಡ.